ಕರತಲದ ಯಂತ್ರವೂ ಹಿರಿಯರ ಮನಸ್ಸೂ

ಮುಪ್ಪಿನಲ್ಲಿ ಕಣ್ಣು ಮಂದವಾಗುವುದೂ ಕಾಲು ಸೋಲುವುದೂ ದೇಹಧರ್ಮ. ಅವಕ್ಕೆ ಕನ್ನಡಕವುಂಟು, ಊರುಗೋಲುಂಟು. ಆದರೆ ಆಡಬೇಕೆಂಬ ಮಾತಿಗೆ ಕೇಳುವ ಕಿವಿ ದೊರೆಯದೆ ಹಿರಿಯ ಜೀವ ಒಳಗೊಳಗೇ ಕೊರಗತೊಡಗಿದರೆ ಅದಕ್ಕೆ ಅಂತಹ ಸುಲಭೋಪಾಯವಿಲ್ಲ. ಶಿವಶರಣರು ಅನುಭಾವವನ್ನು ಗೋಷ್ಠಿಯ ನಡುವೆ ಬೆಳೆಸಿದವರು. ಒಬ್ಬರ ಅರಿವು ಮತ್ತೊಬ್ಬರ ಮಾತಿನಿಂದ ಹದಗೊಳ್ಳುವುದೆಂಬುದನ್ನು ಅವರು ಬಲ್ಲವರಾಗಿದ್ದರು.

ಮೈಸೂರು ನಿವೃತ್ತರಿಗೆ ಒಪ್ಪುವ ಊರೆಂದು ಬಹುಕಾಲದಿಂದ ಹೆಸರಾದುದು. ಸರಸ್ವತೀಪುರಂ, ಕುವೆಂಪುನಗರಗಳ ಎಷ್ಟೋ ಮನೆಗಳಲ್ಲಿ ಈಗ ಇರುವವರು ಮುದುಕ ಮುದುಕಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ನೆಲೆಸಿರುವರು. ಇಬ್ಬರ ನಡುವಣ ಸೇತುವೆಯೆಂದರೆ ಅಂಗೈಯಗಲದ ಫೋನು. ಇದನ್ನು ಕಲಿಗಾಲದ ಮಾಯೆಯೆಂದು ಹಳಿಯುವವರುಂಟು. ಹಾಗೆ ಹಳಿಯುವುದು ಬೇರೆ ಊರಿಗೆ ಒಪ್ಪಿದರೂ ಮೈಸೂರಿಗೆ ಒಪ್ಪದು. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ವಿಠಲ ವಿಹಾರದಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದುದು ಇದೇ ನಗರದಲ್ಲಿ. 'ಆಕಾಶವಾಣಿ' ಎಂಬ ಹೆಸರು ಆ ಪುಟ್ಟ ಕೇಂದ್ರದ್ದು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಅವರು ಮಹಾರಾಜಾ ಕಾಲೇಜಿನಲ್ಲಿ ಬೋಧಿಸುತ್ತಿದ್ದುದು ಮನಶ್ಶಾಸ್ತ್ರವನ್ನೆಂಬ ಸಂಗತಿ ಇಲ್ಲಿ ನೆನೆಯತಕ್ಕುದು. ಮನಸ್ಸನ್ನು ಬಲ್ಲವರು ಯಂತ್ರಕ್ಕೆ ಹೆದರಲಿಲ್ಲ. ದೂರದ ಧ್ವನಿಯೊಂದು ಮನೆಯೊಳಕ್ಕೆ ಬಂದರೆ ಒಂಟಿ ಜೀವಕ್ಕೆ ಎಷ್ಟು ಆಸರೆಯಾಗುವುದೆಂಬುದನ್ನು ಅಂದು ಬಾನುಲಿ ಕೇಳಿದ ಹಿರಿಯರು ತಾವೇ ಕಂಡುಕೊಂಡರು.

ಇಂದಿನ ವಿದ್ವಾಂಸರೂ ಯಂತ್ರವನ್ನು ಪೂರ್ತಿ ದೂರುತ್ತಿಲ್ಲ. 2025ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ನಾಲ್ಕು ಲಕ್ಷಕ್ಕೂ ಮಿಕ್ಕ ಹಿರಿಯರನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಇಂತಹ ಸಾಧನಗಳನ್ನು ಬಳಸುವವರಲ್ಲಿ ನೆನಪು, ವಿವೇಚನೆಗಳ ಕುಂದು ಕಡಿಮೆಯೆಂದು ಪ್ರಕಟಿಸಿದರು. ಬಳಸಿದುದರಿಂದ ಬುದ್ಧಿ ಉಳಿಯಿತೋ, ಬುದ್ಧಿ ಉಳಿದವರೇ ಬಳಸಿದರೋ ಎಂಬ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ. ಅದು ಹೇಗೆಯೇ ಇರಲಿ, ವಿದ್ಯುತ್ತಿನ ಹಣವನ್ನು ಫೋನಿನ ಮೂಲಕ ತಾವೇ ಕಟ್ಟಲು ಕಲಿತ ಎಪ್ಪತ್ತರ ವೃದ್ಧರಿಗೆ ತಮ್ಮ ಕೈ ಇನ್ನೂ ಕೆಲಸಕ್ಕೆ ಬರುವುದೆಂಬ ಧೈರ್ಯ ಮೂಡುವುದು. ಕಾಯಕವನ್ನು ಮಾನಿಸಿದ ಪರಂಪರೆಯವರಿಗೆ ಈ ಧೈರ್ಯದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಪಕ್ಷವೂ ಉಂಟು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ದೃಷ್ಟಿಯನ್ನು ನಿಲ್ಲಿಸುವ ಅಭ್ಯಾಸವುಳ್ಳವರು ನೋಟದ ಬಲವನ್ನು ಅರಿತವರು. (ಲಿಂಗಕ್ಕೂ ಯಂತ್ರಕ್ಕೂ ಸಾಮ್ಯ ಹೇಳುವುದು ಅಪಚಾರ, ಇಲ್ಲಿ ಹೇಳುತ್ತಿರುವುದು ನೋಟದ ಮಾತನ್ನು ಮಾತ್ರ.) ನೋಟ ಒಂದೆಡೆ ನಿಂತರೆ ಮನಸ್ಸು ತಿಳಿಯಾಗುವುದು. ಬೆರಳು ಸರಿಸಿದಂತೆಲ್ಲ ಹೊಸ ಚಿತ್ರ ಬರುತ್ತಿದ್ದರೆ ನೋಟಕ್ಕೆ ನೆಲೆಯೆಲ್ಲಿ? ಮೊಮ್ಮಗಳೊಡನೆ ಅರ್ಧಗಂಟೆ ಮಾತಾಡಿದ ಅಜ್ಜಿ ನೆಮ್ಮದಿಯಿಂದ ಮಲಗುವಳು. ಅಪರಿಚಿತರ ಜಗಳವನ್ನೂ ಅಪಘಾತವನ್ನೂ ನಡುರಾತ್ರಿಯವರೆಗೆ ನೋಡಿದ ತಾತನಿಗೆ ನಿದ್ದೆಯೂ ಬಾರದು, ಲೋಕದ ಮೇಲಣ ವಿಶ್ವಾಸವೂ ಉಳಿಯದು. ಇಬ್ಬರ ಕೈಯಲ್ಲಿಯೂ ಇರುವುದು ಅದೇ ಫೋನು. ಅತಿಬಳಕೆಯಿಂದ ಬಳಲುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು.

ಇದಕ್ಕಿಂತ ಘೋರವಾದುದು ವಂಚನೆ. ಪೋಲೀಸರ ಉಡುಪಿನಲ್ಲಿ ಒಬ್ಬನು ಫೋನಿನ ತೆರೆಯ ಮೇಲೆ ಕಾಣಿಸಿಕೊಂಡು, ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನೀವು 'ಡಿಜಿಟಲ್ ಅರೆಸ್ಟ್' ಆಗಿದ್ದೀರಿ, ಯಾರಿಗೂ ಹೇಳಕೂಡದು ಎಂದು ಬೆದರಿಸುವನು. ಹೆದರಿದ ಹಿರಿಯರು ಜೀವಮಾನದ ಉಳಿತಾಯವನ್ನು ಅವನು ಹೇಳಿದ ಖಾತೆಗೆ ಕಳುಹಿಸುವರು. ಈ ದೇಶದ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಬಾನುಲಿಯಲ್ಲಿ ಇದನ್ನು ಸಾರಿ ಹೇಳಿದರು.

ವಚನಗಳಿಗೆ ಅಂಕಿತವಿರುವುದೇತಕ್ಕೆ? ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರೆಂದೂ ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳೆಂದೂ ತಿಳಿಯುವುದು. ಆಡಿದ ಮಾತಿಗೆ ಹೊಣೆಗಾರರಿದ್ದಾರೆಂಬುದಕ್ಕೆ ಅದೊಂದು ಸಾಕ್ಷಿ. ಫೋನಿಗೆ ಬರುವ ಸಂದೇಶಗಳಲ್ಲಿ ಬಹುಪಾಲಿಗೆ ಇಂತಹ ಹೊಣೆಗಾರರಿಲ್ಲ. ಶರಣರು ಆಡದ ಮಾತನ್ನು ಅವರ ಹೆಸರಿಗೆ ಕಟ್ಟಿ ಕಳುಹಿಸುವ ಭಕ್ತರೂ ಈ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಇನ್ನು ಕಳ್ಳರು ಅಂಕಿತವನ್ನೂ ಕದಿಯಬಲ್ಲರು. ಮಗನ ಧ್ವನಿಯನ್ನೇ ಯಂತ್ರದಿಂದ ಅನುಕರಿಸುವ ಕಾಲವಿದು. ಆಗ ಮಾಡತಕ್ಕುದು ಒಂದೇ: ಬಂದ ಕರೆಯನ್ನು ನಿಲ್ಲಿಸಿ, ತಮಗೆ ತಿಳಿದ ಅಂಕೆಗೆ ತಾವೇ ಕರೆಮಾಡಿ ವಿಚಾರಿಸುವುದು.

ಮೋಸಹೋದ ಹಿರಿಯರನ್ನು ಹಣದ ನಷ್ಟಕ್ಕಿಂತ ಹೆಚ್ಚಾಗಿ ಕೊಲ್ಲುವುದು ನಾಚಿಕೆ. ಮಕ್ಕಳು ಏನೆಂದಾರೋ ಎಂದು ಬಚ್ಚಿಡುವರು. ತಮ್ಮ ಬುದ್ಧಿಯ ಮೇಲೆಯೇ ನಂಬಿಕೆ ಕಳೆದುಕೊಂಡು, ಮಾತು ಬಿಟ್ಟು ಕೂರುವರು. 1930 ಎಂಬ ಸರ್ಕಾರದ ಸಹಾಯವಾಣಿಗೆ ಕೂಡಲೇ ತಿಳಿಸಿದರೆ ಹಣವನ್ನು ತಡೆಯುವ ಅವಕಾಶ ಹೆಚ್ಚು. ಬಚ್ಚಿಟ್ಟ ಒಂದೊಂದು ಗಳಿಗೆಯೂ ಕಳ್ಳನಿಗೇ ಲಾಭ. ಆದುದರಿಂದ "ಅಷ್ಟೂ ತಿಳಿಯಲಿಲ್ಲವೇ ನಿಮಗೆ?" ಎಂಬ ಮಾತು ಗೃಹಸ್ಥರ ಬಾಯಿಂದ ಹೊರಡಕೂಡದು. ಓದಿದವರೂ ಅಧಿಕಾರ ನಡೆಸಿದವರೂ ಈ ಬಲೆಗೆ ಬಿದ್ದಿರುವರು.

ಫೋನು ಕೊಂಡುಕೊಟ್ಟೊಡನೆ ದಾಸೋಹ ಮುಗಿಯಿತೆಂದು ಬಗೆಯುವ ಮಕ್ಕಳುಂಟು. ಹಣ ಕೊಟ್ಟರೆ ಸಾಲದು, ಹೊತ್ತನ್ನೂ ಕೊಡಬೇಕು. ಒಂದೇ ಸಂಗತಿಯನ್ನು ತಂದೆಯವರು ಮೂರನೆಯ ಸಲ ಕೇಳಿದಾಗ, "ಕೊಡಿ ಇಲ್ಲಿ, ನಾನೇ ಮಾಡುತ್ತೇನೆ" ಎಂದು ಕಸಿದುಕೊಳ್ಳುವ ಮಗನು ಕೆಲಸವನ್ನು ಬೇಗ ಮುಗಿಸುವನು, ನಿಜ. ಅವರು ನಾಲ್ಕನೆಯ ಸಲ ಕೇಳರು. ಅದೇ ಮಗನಿಗೆ ಅಕ್ಷರಾಭ್ಯಾಸ ಮಾಡಿಸುವಾಗ ತಂದೆ ಎಷ್ಟು ಸಲ 'ಅ' ತಿದ್ದಿಸಿದ್ದರೋ ಲೆಕ್ಕವಿಟ್ಟವರಾರು?

ಪಿಂಚಣಿದಾರರು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡಬೇಕಷ್ಟೆ. 2014ರಲ್ಲಿ ಆರಂಭವಾದ ಜೀವನ ಪ್ರಮಾಣ ಪದ್ಧತಿಯಲ್ಲಿ ಬೆರಳಚ್ಚು ಒತ್ತಿದರೆ ಸಾಕಾಯಿತು. ಆದರೆ ವಯಸ್ಸಿನಿಂದಲೂ ಜೀವನವೆಲ್ಲ ದುಡಿದುದರಿಂದಲೂ ರೇಖೆ ಸವೆದ ಬೆರಳುಗಳನ್ನು ಯಂತ್ರ ಎಷ್ಟೋ ಸಲ ಗುರುತಿಸಲಿಲ್ಲ. 2021ರಿಂದ ಮುಖವನ್ನೇ ತೋರಿಸುವ ಅನುಕೂಲವಾಗಿದೆ. ಮನೆಯ ಕಿರಿಯರೊಬ್ಬರು ಬೆಳಕಿನಲ್ಲಿ ಅಜ್ಜಿಯನ್ನು ಕೂರಿಸಿ, ಫೋನನ್ನು ಮುಖದೆದುರು ಅಲುಗದಂತೆ ಹಿಡಿದು, "ಅಜ್ಜಿ, ಒಂದು ಸಲ ಕಣ್ಣು ಮಿಟುಕಿಸಿ" ಎಂದರೆ ಕೆಲಸ ಮುಗಿಯುವುದು. ಮರುವರ್ಷ ಅಜ್ಜಿ ನೆರೆಮನೆಯವರಿಗೆ ತಾನೇ ಫೋನು ಹಿಡಿದು ನಿಲ್ಲುವುದೂ ಉಂಟು.