ಕಾಯಕವೂ ವೆಬರ್ ಪಂಡಿತನ ವಿಚಾರವೂ

ಸಮಾಜವನ್ನು ಶಾಸ್ತ್ರದೃಷ್ಟಿಯಿಂದ ಪರಿಶೀಲಿಸುವ ವಿದ್ಯೆಗೆ ‘ಸೋಶಿಯಾಲಜಿ’ ಎಂಬ ಹೆಸರನ್ನು 1830ರ ದಶಕದ ಕೊನೆಯಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ಆಗಸ್ಟ್ ಕಾಂಟ್. ಅವನ ತರುವಾಯ ಅದೇ ದೇಶದ ಎಮಿಲ್ ಡರ್ಖೈಮನು, ವ್ಯಕ್ತಿಯ ಹೊರಗಿದ್ದೂ ಅವನನ್ನು ಬಿಗಿದು ನಡೆಸುವ ರೂಢಿ ಕಟ್ಟಳೆಗಳೇ ಈ ವಿದ್ಯೆಯ ವಸ್ತುವೆಂದು ಪ್ರತಿಪಾದಿಸಿದನು. ಆದರೆ ಕಾಯಕತತ್ತ್ವವನ್ನು ನಂಬಿದವರಿಗೆ ಹೆಚ್ಚು ಸಮೀಪವಾದ ಪ್ರಶ್ನೆಯನ್ನು ಎತ್ತಿದವನು ಜರ್ಮನಿಯ ಮ್ಯಾಕ್ಸ್ ವೆಬರ್ (1864–1920).

ಮನುಷ್ಯನ ಕ್ರಿಯೆಯನ್ನು ಅದರ ಹಿಂದಿನ ಭಾವದೊಡನೆಯೇ ಅರಿಯಬೇಕೆಂಬುದು ವೆಬರನ ಮೂಲಸೂತ್ರ. ಇದಕ್ಕೆ ಅವನು ಕೊಟ್ಟಿರುವ ದೃಷ್ಟಾಂತವು ಸರಳವಾದುದು. ಒಬ್ಬನು ಕೊಡಲಿ ಹಿಡಿದು ಸೌದೆ ಒಡೆಯುತ್ತಿರುವನು. ಅವನು ಕೂಲಿಗಾಗಿ ಒಡೆಯುತ್ತಿರಬಹುದು, ಮನೆಯ ಒಲೆಗಾಗಿ ಒಡೆಯುತ್ತಿರಬಹುದು, ಇಲ್ಲವೆ ಕೋಪವನ್ನು ತೀರಿಸಿಕೊಳ್ಳುತ್ತಿರಬಹುದು. ಕಣ್ಣಿಗೆ ಕಾಣುವ ಕ್ರಿಯೆ ಒಂದೇ. ಅದರ ಅರ್ಥ ಮಾತ್ರ ಬೇರೆ ಬೇರೆ. ಕ್ರಿಯೆಯೊಡನೆ ಅರಿವನ್ನೂ ಕೇಳುವ ಶರಣಮಾರ್ಗದವರಿಗೆ ಈ ಮಾತು ಹೊಸದೆನಿಸಲಾರದು.

ಈ ಸೂತ್ರವನ್ನೇ ಹಿಡಿದು ಅವನು 1904–05ರಲ್ಲಿ, ಪ್ರಾಟೆಸ್ಟಂಟ್ ಧರ್ಮನೀತಿಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ಇರುವ ನಂಟನ್ನು ಕುರಿತು ಬರೆದನು. ಮಾರ್ಟಿನ್ ಲೂಥರನು ಬೈಬಲ್ಲನ್ನು ಜರ್ಮನ್ ಭಾಷೆಗೆ ತಂದಾಗ ವೃತ್ತಿಯನ್ನು ಸೂಚಿಸಲು ‘ಬೆರೂಫ್’ ಎಂಬ ಪದವನ್ನು ಬಳಸಿದ್ದನು. ದೇವರ ಕರೆ ಎಂಬ ಧ್ವನಿಯೂ ಆ ಪದದಲ್ಲಿದೆ. ಮಠದೊಳಗಿನ ಸಂನ್ಯಾಸವಷ್ಟೇ ಪವಿತ್ರವಲ್ಲ, ಸಂಸಾರಿಯ ದುಡಿಮೆಯೂ ಪವಿತ್ರವೆಂಬ ಭಾವ ಹೀಗೆ ಬಲಗೊಂಡಿತು. ಮುಂದೆ ಕ್ಯಾಲ್ವಿನನ ಅನುಯಾಯಿಗಳಲ್ಲಿ ಒಂದು ಭಯ ನೆಲೆಸಿತು. ಮೋಕ್ಷಕ್ಕೆ ಯಾರು ಅರ್ಹರೆಂಬುದನ್ನು ದೇವರು ಮೊದಲೇ ನಿಶ್ಚಯಿಸಿರುವನು. ತಾನು ಆ ಪಂಕ್ತಿಯಲ್ಲಿರುವೆನೋ ಇಲ್ಲವೋ ತಿಳಿಯುವ ಬಗೆಯೇ ಇಲ್ಲ. ಆ ತಳಮಳದಲ್ಲಿ ಅವರು ವೃತ್ತಿಯಲ್ಲಿನ ಎಡೆಬಿಡದ ನಿಷ್ಠೆಯನ್ನೂ ಯಶಸ್ಸನ್ನೂ ಕೃಪೆಯ ಕುರುಹೆಂದು ಹಿಡಿದುಕೊಂಡರು. ಭೋಗ ನಿಷಿದ್ಧವಾದುದರಿಂದ ಗಳಿಸಿದ ಹಣವು ಮರಳಿ ವ್ಯಾಪಾರಕ್ಕೇ ಬಂಡವಾಳವಾಯಿತು.

ಇಲ್ಲಿ ಕಾಯಕವು ನೆನಪಾಗುವುದು ಸಹಜವೇ. ಆದರೆ ಎರಡೂ ಒಂದೇ ಎನ್ನುವುದು ಅವಸರದ ಮಾತು. ವೆಬರನೇ ಹೇಳುವ ಒಂದು ಲೆಕ್ಕವನ್ನು ನೋಡಬಹುದು. ಎಕರೆಗೆ 1 ಮಾರ್ಕಿನಂತೆ ಎರಡೂವರೆ ಎಕರೆ ಕೊಯ್ದು ಎರಡೂವರೆ ಮಾರ್ಕು ಪಡೆಯುತ್ತಿದ್ದ ಆಳಿಗೆ ದರವನ್ನು ಒಂದೂಕಾಲು ಮಾರ್ಕಿಗೆ ಏರಿಸಿದರೆ, ಅವನು ಎರಡೇ ಎಕರೆ ಕೊಯ್ದು ಅದೇ ಎರಡೂವರೆ ಮಾರ್ಕು ಹಿಡಿದು ಮನೆಗೆ ಹೋಗುವನು. ಹಳೆಯ ರೂಢಿಯ ಈ ತೃಪ್ತಿಯನ್ನು ಬಂಡವಾಳದ ಮನೋಧರ್ಮವು ಮುರಿಯಬೇಕಾಯಿತೆಂಬುದು ಅವನ ವಾದ. ಆಯ್ದಕ್ಕಿ ಲಕ್ಕಮ್ಮನವರು ಈ ಎರಡು ಬಗೆಗೂ ಸೇರಿದವರಲ್ಲ. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಆ ತಾಯಿಗೆ ದುಡಿಮೆಯಲ್ಲಿ ಬೇಸರವಿರಲಿಲ್ಲ, ಸಂಗ್ರಹದಲ್ಲಿ ಆಸೆಯಿರಲಿಲ್ಲ. ಜಿನೀವದ ವರ್ತಕನ ಹಣವು ಲೆಕ್ಕದ ಪುಸ್ತಕಕ್ಕೆ ಮರಳಿತು. ಶರಣರ ಗಳಿಕೆ ದಾಸೋಹಕ್ಕೆ ಸಂದಿತು. ದೇವರನ್ನು ಮರೆತ ಮೇಲೆಯೂ ದುಡಿಮೆಯ ಕಟ್ಟು ಮಾತ್ರ ಉಳಿದು, ಉಕ್ಕಿನಂತೆ ಗಡುಸಾದ ಗೂಡಾಗಿ ಮನುಷ್ಯನನ್ನು ಸೆರೆಹಿಡಿಯಿತೆಂದು ವೆಬರನು ಕೊನೆಗೆ ವ್ಯಥೆಪಟ್ಟನು. ದಾಸೋಹವಿಲ್ಲದ ಕಾಯಕಕ್ಕೆ ಇದಕ್ಕಿಂತ ಬೇರೆ ಗತಿ ಉಂಟೇ?

ಈ ಪಂಡಿತನು ಲಿಂಗಾಯತರನ್ನು ಕುರಿತೂ ಬರೆದಿರುವನೆಂಬುದು ಅನೇಕರಿಗೆ ತಿಳಿಯದು. 1916–17ರಲ್ಲಿ ಪ್ರಕಟವಾದ, ಹಿಂದೂ ಹಾಗೂ ಬೌದ್ಧ ಧರ್ಮಗಳನ್ನು ಕುರಿತ ಅಧ್ಯಯನದಲ್ಲಿ ಜನ್ಮಭೇದವನ್ನು ತಿರಸ್ಕರಿಸಿ ಹುಟ್ಟಿದ ಈ ಪಂಥವು ಸುತ್ತಲಿನ ವ್ಯವಸ್ಥೆಯ ಒತ್ತಡದಿಂದ ಮತ್ತೆ ಜಾತಿಯ ಚೌಕಟ್ಟಿಗೇ ಜಾರಿತೆಂದು ಅವನು ಗುರುತಿಸಿದನು. ಅವನು ಭಾರತಕ್ಕೆ ಎಂದೂ ಬಂದವನಲ್ಲ. ಜನಗಣತಿಯ ವರದಿಗಳನ್ನೂ ಅನ್ಯರ ಗ್ರಂಥಗಳನ್ನೂ ನಂಬಿ ಬರೆದವನು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಬೆಳಕು ಕಂಡುದು 1923ರಲ್ಲಿ, ಅವನು ತೀರಿಕೊಂಡ ಮೂರು ವರ್ಷಗಳ ಮೇಲೆ. ವಚನಗಳನ್ನು ಓದದವನ ಮಾತೆಂದು ಇದನ್ನು ತಳ್ಳಿಹಾಕಬಹುದು. ಆದರೆ ಅವನು ವಚನಗಳನ್ನು ಅಳೆಯಲಿಲ್ಲ. ವಚನಗಳನ್ನು ಹಾಡುವವರ ನಡೆಯನ್ನು ಅಳೆದನು. ಹರಳಯ್ಯನವರ ಮತ್ತು ಮಧುವರಸರ ಮನೆಗಳು ಬೀಗತನ ಮಾಡಿದುದಕ್ಕಾಗಿ ಕಲ್ಯಾಣದಲ್ಲಿ ರಕ್ತ ಹರಿಯಿತೆಂದು ಪ್ರತಿವರ್ಷವೂ ಕಣ್ಣೀರಿಟ್ಟು ಕೇಳುವ ಗೃಹಸ್ಥರೇ, ಹೆಣ್ಣು ನೋಡಲು ಹೊರಟಾಗ ಕೊರಳಿನ ಇಷ್ಟಲಿಂಗವನ್ನು ಬಿಟ್ಟು ಮೊದಲು ಒಳಪಂಗಡವನ್ನು ವಿಚಾರಿಸುವರು.