ದೂರದರ್ಶನದ ಕಡ್ಡಿ ಮತ್ತು ಶ್ರಾವಕನ ಪರಿಮಾಣವ್ರತ

ಮನೆಗೆ ಹೊಸ ವಸ್ತುವೊಂದು ಬಂದಾಗ ಅದನ್ನು ತನ್ನ ಪರಿಗ್ರಹಪರಿಮಾಣದ ಯಾವ ಬಾಬಿಗೆ ಸೇರಿಸಬೇಕೆಂದು ಶ್ರಾವಕನು ತನ್ನನ್ನೇ ಕೇಳಿಕೊಳ್ಳಬೇಕು. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ ಎಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ಬಾಬುಗಳನ್ನು ಎಣಿಸಿದೆ. ಬಟ್ಟೆಬರೆ, ಪಾತ್ರೆಪದಾರ್ಥಗಳೆಲ್ಲ ಕುಪ್ಯದಲ್ಲಿ ಅಡಗುತ್ತವೆ. ಟೆಲಿವಿಷನ್ ಪೆಟ್ಟಿಗೆಯನ್ನೂ ಅಲ್ಲಿಯೇ ಬರೆಯಬಹುದು. ಆದರೆ ಈಚಿನ ವರ್ಷಗಳಲ್ಲಿ ಚಾಮರಾಜಪೇಟೆ, ಬಸವನಗುಡಿಗಳ ನಮ್ಮ ಮನೆಗಳಿಗೆ ಬಂದಿರುವ ಬೆರಳುದ್ದದ ಕಡ್ಡಿಯೊಂದು ಈ ಲೆಕ್ಕವನ್ನು ತೊಡಕಿಗೆ ಸಿಲುಕಿಸಿದೆ. ತೂಕದಲ್ಲಿ ಮೂರು ನಾಲ್ಕು ತೊಲ ಬರುವ ಇದನ್ನು ಒಂದು ವಸ್ತುವೆಂದು ಎಣಿಸುವುದೋ, ಇದು ಮನೆಯೊಳಕ್ಕೆ ತರುವ ಸಾವಿರಾರು ಚಿತ್ರಗಳನ್ನೂ ಎಣಿಸುವುದೋ?

ಅರಿಯದವರಿಗಾಗಿ ಇದರ ಸ್ವರೂಪವನ್ನು ಹೇಳುತ್ತೇನೆ. 2013ರಲ್ಲಿ ಅಮೆರಿಕದಲ್ಲಿ ಗೂಗಲ್ ಸಂಸ್ಥೆಯ ಕ್ರೋಮ್‌ಕಾಸ್ಟ್ ಬಂದಿತು. 2017ರಲ್ಲಿ ಅಮೆಜಾನ್ ಸಂಸ್ಥೆಯ ಫೈರ್ ಟಿವಿ ಸ್ಟಿಕ್ ನಮ್ಮ ದೇಶಕ್ಕೆ ಬಂದಿತು. ಟಿವಿಯ ಹಿಂಬದಿಯ ಎಚ್.ಡಿ.ಎಂ.ಐ. ಕಿಂಡಿಗೆ ಕಡ್ಡಿಯನ್ನು ಸಿಕ್ಕಿಸಿ, ಅದಕ್ಕೆ ವಿದ್ಯುತ್ತನ್ನು ಒದಗಿಸಿ, ಮನೆಯ ವೈಫೈಗೆ ಜೋಡಿಸಿದರೆ ಸಾಕು. ಸಾಧಾರಣ ಟಿವಿಯೂ ಅಂತರ್ಜಾಲದ ಚಿತ್ರಗಳನ್ನು ತೋರಿಸತೊಡಗುತ್ತದೆ. ಆ ಕಿಂಡಿಯಿಲ್ಲದ ಹಳೆಯ ಗಾಜಿನ ಕೊಳವೆಯ ಟಿವಿಗೂ ಕೆಂಪು, ಬಿಳಿ, ಹಳದಿ ತಂತಿಗಳಿಗೆ ಹೊಂದಿಸುವ ಪುಟ್ಟ ಪರಿವರ್ತಕವು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತದೆ.

ಮೊದಲು ಇದರ ಗುಣವನ್ನು ಒಪ್ಪಿಕೊಳ್ಳುವುದು ನ್ಯಾಯ. ಚೆನ್ನಾಗಿರುವ ಪೆಟ್ಟಿಗೆಯನ್ನು ಎಸೆದು ಹೊಸದನ್ನು ತರುವುದನ್ನು ಈ ಕಡ್ಡಿ ತಪ್ಪಿಸುತ್ತದೆ. ಹಳೆಯ ಕೊಳವೆಯ ಗಾಜಿನಲ್ಲಿ ಸೀಸವಿದೆ. ಮೊದಲ ತಲೆಮಾರಿನ ಅನೇಕ ಚಪ್ಪಟೆ ಟಿವಿಗಳ ದೀಪಗಳಲ್ಲಿ ಪಾದರಸವಿದೆ. ಇವು ಗುಜರಿಯ ಪಾಲಾದಾಗ ತಂತಿಯನ್ನು ಸುಟ್ಟು ತಾಮ್ರ ತೆಗೆಯುವ ಬಡವನ ಶ್ವಾಸಕ್ಕೂ, ಮಣ್ಣುನೀರುಗಳನ್ನು ಆಶ್ರಯಿಸಿದ ಅಸಂಖ್ಯ ಜೀವಗಳಿಗೂ ಆಗುವ ಬಾಧೆಯು ನಮ್ಮ ಕಣ್ಣಿಗೆ ಬೀಳದಿದ್ದರೂ ಹಿಂಸೆಯೇ. ಇರುವುದನ್ನೇ ಬಾಳಿಸುವುದು ಅಹಿಂಸೆಗೂ ಅಪರಿಗ್ರಹಕ್ಕೂ ಹತ್ತಿರವಾದ ನಡೆ.

ಆದರೂ ನಾನು ಈ ಕಡ್ಡಿಯನ್ನು ಬಹುಕಾಲ ನಿರಾಕರಿಸಿದೆ. ನಮ್ಮ ಮನೆಯ ಟಿವಿ ಹದಿನಾಲ್ಕು ವರ್ಷ ಹಳೆಯದು. ಮಗನು ದೊಡ್ಡ ತೆರೆಯ ಹೊಸದನ್ನು ತರುವೆನೆಂದಾಗ ಬೇಡವೆಂದೆ. ಕಡ್ಡಿಯನ್ನಾದರೂ ಹಾಕೋಣವೆಂದಾಗ ಅದೂ ಬೇಡವೆಂದೆ. ಬಸದಿಯಲ್ಲಿ ಮಿತ್ರರು ನನ್ನ ಸರಳತೆಯನ್ನು ಮೆಚ್ಚಿ ಮಾತನಾಡುತ್ತಿದ್ದುದು ನನಗೆ ಹಿತವಾಗಿಯೇ ಇತ್ತು.

2024ರ ಫೆಬ್ರವರಿ 18ರಂದು, ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರ ಮಹಾರಾಜರು ಛತ್ತೀಸಗಢದ ಡೋಂಗರಗಢದ ಚಂದ್ರಗಿರಿಯಲ್ಲಿ ಸಲ್ಲೇಖನಪೂರ್ವಕ ಸಮಾಧಿಯನ್ನು ಹೊಂದಿದರು. ನನ್ನ ಪತ್ನಿಯ ತವರೂ ಆ ಸೀಮೆಯದೇ. ಸೊಂಟದ ಮೂಳೆ ಮುರಿದು ಬಸದಿಗೂ ಹೋಗಲಾಗದೆ ಮಲಗಿದ್ದ ಅವಳು, ಅಂತಿಮ ವಿಧಿಯ ನೇರ ಪ್ರಸಾರವನ್ನು ಮೊಬೈಲಿನ ಅಂಗೈಯಗಲದ ತೆರೆಯಲ್ಲಿ, ಪೊರೆ ಬಂದ ಕಣ್ಣುಗಳನ್ನು ಕಿರಿದುಮಾಡಿಕೊಂಡು ನೋಡಿದಳು. ಎದುರಿಗೆ ಗೋಡೆಯ ಮೇಲೆ ನಮ್ಮ ಟಿವಿ ಕಪ್ಪಾಗಿಯೇ ಇತ್ತು. ಅವಳು ಏನನ್ನೂ ಅನ್ನಲಿಲ್ಲ. ನಾನು ಅಪರಿಗ್ರಹವೆಂದು ಕಾಪಾಡಿಕೊಂಡು ಬಂದದ್ದು ಮಾನಕಷಾಯವೆಂಬುದು ನನಗೆ ಆ ದಿನ ತಿಳಿಯಿತು. ಪರಿಗ್ರಹವು ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ ಎಂಬುದು ಉಮಾಸ್ವಾಮಿಗಳ ಅಭಿಪ್ರಾಯ. ವಸ್ತುವನ್ನು ಕೊಳ್ಳದಿರುವುದರಲ್ಲಿಯೂ ಮೂರ್ಛೆಯಿರಬಹುದೆಂದು ನಾನು ಎಣಿಸಿರಲಿಲ್ಲ. ಆ ವಾರದಲ್ಲಿಯೇ ಕಡ್ಡಿ ಮನೆಗೆ ಬಂದಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ. ತಿಂಗಳು ಕಳೆಯುವುದರೊಳಗೆ, ಪತ್ನಿ ಪ್ರವಚನವನ್ನು ಕೇಳಿ ಮಲಗಿದ ಮೇಲೆ ರಾತ್ರಿ ಹನ್ನೆರಡರವರೆಗೆ ತೆರೆಯ ಮುಂದೆ ಕುಳಿತಿರುತ್ತಿದ್ದವನು ನಾನೇ. ನೋಡಿದ್ದು ಅಶ್ಲೀಲವಾದುದೇನಲ್ಲ, ಹಳೆಯ ಚಲನಚಿತ್ರಗಳು, ಯುದ್ಧದ ಕಥೆಗಳು, ಪರದೇಶದ ಅಪರಾಧ ಪ್ರಕರಣಗಳು. ಮುಂಜಾನೆಯ ಸಾಮಾಯಿಕವು ಮೊದಲು ತಡವಾಯಿತು, ಬಳಿಕ ತಪ್ಪಿತು. ಕುಳಿತ ದಿನಗಳಲ್ಲಿಯೂ ಹಿಂದಿನ ರಾತ್ರಿಯ ಕೊಲೆಗಾರನು ಯಾರೆಂಬ ಚಿಂತೆಯೇ ಮನಸ್ಸಿನಲ್ಲಿ ಸುಳಿಯುತ್ತಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆಗಳನ್ನು ಹೆಸರಿಸಿದ್ದಾರೆ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವೇ ಅನರ್ಥದಂಡ. ನಾನು ಈ ಮೂರನ್ನೂ ಒಂದೇ ಕುರ್ಚಿಯಲ್ಲಿ ಕುಳಿತು ಸಂಪಾದಿಸಿದ್ದೆ.

ದೇಶವ್ರತದ ಅತಿಚಾರಗಳನ್ನು ನೋಡಿದರೆ ಪೂರ್ವಾಚಾರ್ಯರ ಸೂಕ್ಷ್ಮದೃಷ್ಟಿಗೆ ತಲೆಬಾಗಬೇಕಾಗುತ್ತದೆ. ಇಂತಿಷ್ಟು ಎಲ್ಲೆಯನ್ನು ದಾಟೆನೆಂದು ವ್ರತ ಹಿಡಿದವನು ದೇಹದಿಂದ ದಾಟದಿದ್ದರೂ, ಹೊರಗಿನ ವಸ್ತುವನ್ನು ತರಿಸಿಕೊಂಡರೆ ಅದು ಆನಯನ. ಧ್ವನಿಯನ್ನು ಎಲ್ಲೆಯಾಚೆಗೆ ಮುಟ್ಟಿಸಿದರೆ ಶಬ್ದಾನುಪಾತ. ರೂಪವನ್ನು ತೋರಿದರೆ ರೂಪಾನುಪಾತ. ಕಾಲು ಮನೆಯಲ್ಲಿಯೇ ಇದ್ದು ಆಸೆ ಮಾತ್ರ ಎಲ್ಲೆ ಮೀರುವ ಬಗೆಯನ್ನು ಅವರು ಬಲ್ಲವರಾಗಿದ್ದರು. ಕಡ್ಡಿಯ ಕೆಲಸವೆಲ್ಲ ಆನಯನವೇ ಅಲ್ಲವೆ?

ಹಾಗಾದರೆ ಹಿಂದಿನ ಕಾಲವೇ ಲೇಸಾಗಿತ್ತೆ? 1987ರಲ್ಲಿ ರಾಮಾಯಣ ಧಾರಾವಾಹಿ ಬರುತ್ತಿದ್ದಾಗ ಭಾನುವಾರದ ಬೆಳಗ್ಗೆ ಅಕ್ಕಪಕ್ಕದವರೆಲ್ಲ ಒಂದೇ ಮನೆಯಲ್ಲಿ ಕೂಡಿ ನೋಡಿ, ಮುಗಿದೊಡನೆ ಎದ್ದುಹೋಗುತ್ತಿದ್ದೆವು. ಮುಂದಿನ ಕಂತಿಗೆ ಒಂದು ವಾರ ಕಾಯಬೇಕಾಗಿತ್ತು. ಅದನ್ನು ನಾವು ಸಂಯಮವೆಂದು ನೆನೆಯುತ್ತೇವೆ. ಆದರೆ ದೊರೆಯದ್ದರಿಂದ ಭೋಗಿಸದವನು ತ್ಯಾಗಿಯಲ್ಲ, ದೊರೆತ ಪ್ರಿಯ ಭೋಗಕ್ಕೆ ಬೆನ್ನು ತಿರುಗಿಸಿದವನೇ ತ್ಯಾಗಿಯೆಂಬ ಆಶಯವು ದಶವೈಕಾಲಿಕ ಸೂತ್ರದಲ್ಲಿದೆ. ಆ ದಿನಗಳಲ್ಲಿ ಎಲ್ಲೆಯನ್ನು ಹಾಕಿದ್ದು ದೂರದರ್ಶನ, ನಾವಲ್ಲ. ಇಂದು ಹೊರಗಿನ ಎಲ್ಲೆ ಅಳಿದಿದೆ. ಒಳಗಿನ ಎಲ್ಲೆಯನ್ನು ನಾವೇ ಹಾಕಬೇಕಾದ ಕಾಲ ಈಗ ಬಂದಿದೆ. ನೋಟದ ವಿಷಯದಲ್ಲಿ ವ್ರತವೆಂಬ ಮಾತಿಗೆ ಅರ್ಥ ಬಂದಿರುವುದೂ ಈಗಲೇ.

ಆದರೆ ಯಂತ್ರದ ಸ್ವಭಾವವು ವ್ರತಕ್ಕೆ ವಿರುದ್ಧವಾದುದೆಂಬುದನ್ನು ಮರೆಯಲಾಗದು. ಅನೇಕ ಸೇವೆಗಳಲ್ಲಿ ಒಂದು ಕಂತು ಮುಗಿದ ಕೆಲವೇ ಕ್ಷಣಗಳಲ್ಲಿ ಮುಂದಿನದು ತಾನಾಗಿ ಆರಂಭವಾಗುತ್ತದೆ. ನೋಡುವುದಕ್ಕೆ ಸಂಕಲ್ಪ ಬೇಕಿಲ್ಲ, ನಿಲ್ಲಿಸುವುದಕ್ಕೆ ಬೇಕು. ವ್ಯಾಪಾರಿಯಾಗಿ ನನಗೆ ಇದರ ಮರ್ಮ ತಿಳಿಯುತ್ತದೆ: ಕಡ್ಡಿಯ ಬೆಲೆ ಒಮ್ಮೆ, ಚಂದಾ ಮತ್ತೆ ಮತ್ತೆ, ಗಿರಾಕಿ ಅಂಗಡಿಯಲ್ಲಿ ಕುಳಿತಷ್ಟೂ ಲಾಭ. ಆದ್ದರಿಂದ ಪ್ರತ್ಯಾಖ್ಯಾನವನ್ನು ತೆರೆ ಬೆಳಗುವ ಮೊದಲೇ ಮಾಡಬೇಕು, ನಡುರಾತ್ರಿಯಲ್ಲಲ್ಲ. ಯಾವಜ್ಜೀವ ಹಿಡಿಯುವುದು ಯಮ, ಕಾಲಮಿತಿಯಿಂದ ಹಿಡಿಯುವುದು ನಿಯಮ ಎಂದು ಸಮಂತಭದ್ರರು ಗೃಹಸ್ಥನಿಗೆ ಎರಡು ದಾರಿಗಳನ್ನೂ ತೋರಿಸಿದ್ದಾರೆ.

ನಮ್ಮ ಮನೆಯಲ್ಲಿ ಹಿಡಿದಿರುವ ನಿಯಮವನ್ನು ಸಂಕೋಚದಿಂದಲೇ ತಿಳಿಸುತ್ತೇನೆ. ಒಬ್ಬರ ನೋಟದ ಹೊತ್ತು ದಿನಕ್ಕೆ ಒಂದು ಸಾಮಾಯಿಕದ ಹೊತ್ತನ್ನು, ಅಂದರೆ ಎರಡು ಘಳಿಗೆ, 48 ನಿಮಿಷಗಳನ್ನು ಮೀರಬಾರದು. ಸಾಮಾಯಿಕ ತಪ್ಪಿದ ದಿನ ಅದೂ ಇಲ್ಲ. ಏನನ್ನು ನೋಡುವುದೆಂದು ಮೊದಲೇ ಹೇಳಿ ಕುಳಿತುಕೊಳ್ಳಬೇಕು. ತಾನಾಗಿ ಮುಂದುವರಿಯುವ ವ್ಯವಸ್ಥೆಯನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದ್ದೇವೆ. ರಾತ್ರಿ ಒಂಬತ್ತಕ್ಕೆ ಸ್ವಿಚ್ ಆರುತ್ತದೆ. ಸೂರ್ಯಾಸ್ತಕ್ಕೆ ಅಡುಗೆಮನೆ ಮುಚ್ಚುವ ಮನೆಯಲ್ಲಿ ಕಣ್ಣಿನ ಊಟಕ್ಕೆ ಹೊತ್ತಿನ ಕಟ್ಟಳೆ ಇಲ್ಲದಿದ್ದರೆ ಹೇಗೆ? ಈ ನಿಯಮ ನನ್ನಿಂದ ಎರಡು ಬಾರಿ ಮುರಿದಿದೆ. ಎರಡು ಬಾರಿಯೂ ಮೊಮ್ಮಗಳೇ ಎಚ್ಚರಿಸಿದಳು.

ಬಸದಿಗಳ ಟ್ರಸ್ಟಿಗಳಲ್ಲಿಯೂ ಒಂದು ಬಿನ್ನಹ. 2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಬೆಟ್ಟ ಹತ್ತಲಾರದ ಎಷ್ಟೋ ವೃದ್ಧರು ಕಿರುತೆರೆಯಲ್ಲಿ ಕಂಡು ಧನ್ಯರಾದರು. 2020ರ ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿದಾಗ ಪ್ರವಚನವು ಈ ಮಾರ್ಗದಿಂದಲೇ ಮನೆಮನೆಗೆ ಬಂದಿತು. ಆದ್ದರಿಂದ ಪೂಜೆ, ಪ್ರವಚನಗಳ ಪ್ರಸಾರವನ್ನು ಅಲಕ್ಷಿಸಬೇಡಿ. ಹಾಗೆಯೇ, ಹಾಸಿಗೆ ಹಿಡಿದವರ ಮನೆಗೆ ಕಡ್ಡಿಯನ್ನು ತಲುಪಿಸಿ ಕೈ ತೊಳೆದುಕೊಳ್ಳಲೂ ಬೇಡಿ. ತಿಂಗಳಿಗೊಮ್ಮೆಯಾದರೂ ಯುವಕನೊಬ್ಬನು ಗಂಧೋದಕವನ್ನು ಹಿಡಿದು ಆ ಮನೆಯ ಮೆಟ್ಟಿಲನ್ನು ಹತ್ತಲಿ. ಗಂಧೋದಕದ ತಂಪನ್ನು ತೆರೆ ಕೊಡಲಾರದು.

ಮೊದಲಿನ ಪ್ರಶ್ನೆಗೆ ಈಗ ನನ್ನ ಉತ್ತರ ಹೀಗಿದೆ. ಕಡ್ಡಿಯನ್ನು ಕುಪ್ಯದ ಬಾಬಿನಲ್ಲಿ ಒಂದು ವಸ್ತುವೆಂದು ಬರೆದು, ಅದರ ಮುಂದೆ ಅದಕ್ಕೆ ಸಲ್ಲುವ ಹೊತ್ತನ್ನೂ ಬರೆಯಬೇಕು. ವಸ್ತುವಿನ ಅಂಕಿ ಬರೆದು ಹೊತ್ತಿನ ಅಂಕಿಯನ್ನು ಬಿಟ್ಟರೆ ನಮ್ಮ ಪರಿಮಾಣದ ಲೆಕ್ಕ ಅರ್ಧವೇ ಆದಂತೆ. ಸುಜ್ಞ ಶ್ರಾವಕ ಶ್ರಾವಿಕೆಯರು ತಂತಮ್ಮ ಶಕ್ತಿಗೆ ತಕ್ಕ ಅಂಕಿಯನ್ನು ಬರೆದುಕೊಂಡು, ಮನೆಮಂದಿಯ ಮುಂದೆ ಅದನ್ನು ಓದಿ ಹೇಳಲಿ.