ಬಾಕಿ ಇಟ್ಟವನ ಟವರ್ ದೀಪ

ಅಮೆರಿಕದ ಸಣ್ಣ ಊರೊಂದರಲ್ಲಿ ನಿಂತು ಇಲ್ಲಿನ ರೇಡಿಯೋ ಕೇಂದ್ರವನ್ನು ನಡೆಸುವವರು ಯಾರು ಎಂದು ಕೇಳಿದರೆ ಜನ ಮಾಲೀಕನ ಹೆಸರು ಹೇಳಿಯಾರು, ಬೆಳಗಿನ ಕಾರ್ಯಕ್ರಮದ ನಿರೂಪಕಿಯ ಹೆಸರು ಹೇಳಿಯಾರು. ಟ್ರಾನ್ಸ್‌ಮಿಟರ್ ಕೆಟ್ಟ ರಾತ್ರಿ ಎರಡು ಗಂಟೆಗೆ ಎದ್ದು ಬರುವವನ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಅವನು ಕೇಂದ್ರದ ನೌಕರನೂ ಅಲ್ಲ. ಸುತ್ತಲಿನ ಹಲವು ಕೇಂದ್ರಗಳನ್ನು ಗುತ್ತಿಗೆಯ ಮೇಲೆ ನೋಡಿಕೊಳ್ಳುವ ಎಂಜಿನಿಯರ್.

ಹಿಂದೆ ಹೀಗಿರಲಿಲ್ಲ. ಕೇಂದ್ರದ ತಾಂತ್ರಿಕ ಹೊಣೆಗೆ ಪರೀಕ್ಷೆ ಪಾಸಾಗಿ ಮೊದಲ ದರ್ಜೆಯ ಪರವಾನಗಿ ಪಡೆದವನೇ ಬೇಕಿತ್ತು. 1980ರ ದಶಕದ ಆರಂಭದಲ್ಲಿ ಆ ಪರವಾನಗಿಯೇ ಹೋಯಿತು. 1996ರ ದೂರಸಂಪರ್ಕ ಕಾಯ್ದೆ ದೇಶದಲ್ಲಿ ಒಬ್ಬರು ಇಷ್ಟೇ ಕೇಂದ್ರಗಳನ್ನು ಇಟ್ಟುಕೊಳ್ಳಬೇಕೆಂಬ ಮಿತಿಯನ್ನು ತೆಗೆದುಹಾಕಿತು. ದೊಡ್ಡವರು ಕೊಂಡುಕೊಂಡರು, ಸಣ್ಣವರು ಜಾಹೀರಾತು ಕಳೆದುಕೊಂಡು ಏದುಸಿರು ಬಿಟ್ಟರು. ಖರ್ಚು ಕಡಿಮೆ ಮಾಡುವ ಮಾತು ಬಂದಾಗಲೆಲ್ಲ ಮೊದಲು ಕಣ್ಣಿಗೆ ಬೀಳುವುದು, ಎಲ್ಲವೂ ಸರಿಯಾಗಿದ್ದಾಗ ಏನೂ ಮಾಡದಂತೆ ಕಾಣುವ ಮನುಷ್ಯ.

ಅವನು ಹೋಗಿ ನೋಡುವ ಜಾಗ ಹೇಗಿರುತ್ತದೆ? ಊರಾಚೆಯ ಹೊಲದ ನಡುವೆ ಟವರ್, ಪಕ್ಕದಲ್ಲಿ ಒಂದು ಕೊಠಡಿ. ಎ.ಸಿ. ಕೆಟ್ಟು ಎರಡು ಬೇಸಿಗೆ ಕಳೆದಿವೆ. ಟ್ರಾನ್ಸ್‌ಮಿಟರಿನ ಬೆಚ್ಚಗಿಗೆ ಇಲಿಗಳು ಒಳಗೇ ಗೂಡು ಕಟ್ಟಿವೆ, ಅವುಗಳ ಉಚ್ಚೆಗೆ ಸರ್ಕ್ಯೂಟ್ ಬೋರ್ಡಿನ ತಾಮ್ರ ಹಸಿರುಗಟ್ಟಿದೆ. ಇಲಿಗಳ ಹಿಂದೆ ಹಾವು. ಎ.ಎಂ. ಕೇಂದ್ರವಾದರೆ ಟವರಿನ ಬುಡದಿಂದ ಸುತ್ತಲೂ ಚಕ್ರದ ಅರಗಳಂತೆ ನೆಲದೊಳಗೆ ತಾಮ್ರದ ತಂತಿಗಳನ್ನು ಹೂತಿರುತ್ತಾರೆ, ಸಾಮಾನ್ಯವಾಗಿ 120. ಅವುಗಳಲ್ಲಿ ಎಷ್ಟನ್ನು ಕಳ್ಳರು ಕಿತ್ತೊಯ್ದಿದ್ದಾರೆಂದು ಯಾರೂ ಎಣಿಸಿಲ್ಲ. ಬೇಲಿಯ ಗೇಟಿಗೆ ಬೀಗವಿಲ್ಲ. ಎ.ಎಂ.ನಲ್ಲಿ ಟವರೇ ಆಂಟೆನಾ. ನೆಲದ ಮೇಲೆ ನಿಂತು ಅದನ್ನು ಮುಟ್ಟಿದ ಹುಡುಗ ಸುಟ್ಟುಕೊಳ್ಳುತ್ತಾನೆ. ಇದನ್ನೆಲ್ಲ ಪಟ್ಟಿ ಮಾಡಿ ಕೊಟ್ಟರೆ ಬರುವ ಉತ್ತರ ಒಂದೇ: 'ಇವತ್ತು ಹೇಗಾದರೂ ಆನ್ ಮಾಡಿಕೊಡಿ, ಉಳಿದದ್ದು ಆಮೇಲೆ ನೋಡೋಣ.' ಹಳೆಯ ಮೂರು ಬಿಲ್ಲುಗಳೂ ಆ 'ಆಮೇಲೆ'ಯಲ್ಲೇ ಸೇರಿವೆ.

ಗಡಿಯಾರ ರಿಪೇರಿಯವನಿಗೆ ಈ ಪಾಡಿಲ್ಲ. ಹಣ ಬರುವವರೆಗೆ ಗಡಿಯಾರ ಅವನ ಡ್ರಾಯರಿನಲ್ಲೇ ಇರುತ್ತದೆ. ನಮ್ಮ 1872ರ ಒಪ್ಪಂದ ಕಾಯ್ದೆಯ 170ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಅದು ಕೊಡುವ ಎರಡು ಉದಾಹರಣೆಗಳು ಸ್ವಾರಸ್ಯವಾಗಿವೆ. ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಟ್ಟವನು ಕೂಲಿ ಸಲ್ಲುವವರೆಗೆ ಕಲ್ಲನ್ನು ಇಟ್ಟುಕೊಳ್ಳಬಹುದು. ಆದರೆ ಕೋಟು ಹೊಲಿದ ದರ್ಜಿ 'ಮುಗಿದ ಕೂಡಲೇ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಗಡುವು' ಎಂದು ಮಾತು ಕೊಟ್ಟಿದ್ದರೆ ಕೋಟನ್ನು ತಡೆಹಿಡಿಯುವಂತಿಲ್ಲ. ಅಮೆರಿಕದ ಕಾನೂನಿನಲ್ಲಿಯೂ ಅದೇ ಇಂಗ್ಲಿಷ್ ಬೇರಿನಿಂದ ಬಂದ ಇಂಥ ಹಕ್ಕುಂಟು. ನಮ್ಮ ಎಂಜಿನಿಯರ್ ಆ ದರ್ಜಿಯ ಸಾಲಿನವನು, ಅವನಿಗಿಂತಲೂ ಬಡವ. ಅವನು ದುರಸ್ತಿ ಮಾಡಿದ್ದು ಮಾಲೀಕನ ನೆಲದಲ್ಲೇ ನಿಂತಿದೆ, ಬಿಲ್ಲಿಗೆ ಗಡುವು ಕೊಟ್ಟಾಗಿದೆ. ಅವನು ಮನೆಗೆ ಹೊರಟ ದಾರಿಯಲ್ಲಿ, ತನ್ನದೇ ಕಾರಿನ ರೇಡಿಯೋದಲ್ಲಿ, ಅವನ ಕೆಲಸ ಊರಿಗೆಲ್ಲ ಬಿಟ್ಟಿಯಾಗಿ ಕೇಳಿಸುತ್ತಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಆದರೂ ಅವನ ಕೈಯಲ್ಲಿ ಒಂದು ಬೀಗದ ಕೈ ಇರುತ್ತದೆ: ಕೇಂದ್ರವನ್ನು ದೂರದಿಂದ ನಿಯಂತ್ರಿಸುವ ಪಾಸ್‌ವರ್ಡ್. ಅದನ್ನು ಕೊಡದೆ ಕೂರಬಹುದೇ? ಬಾರದು ಎಂದೇ ನನಗೆ ಅನಿಸುತ್ತದೆ. ಅವನು ತನ್ನ ಮೀಟರನ್ನು ಒಯ್ಯಲಿ. ಎರವಲು ಕೊಟ್ಟ ಬಿಡಿಭಾಗವನ್ನು ಮುಂಚಿತವಾಗಿ ತಿಳಿಸಿ ಬಿಚ್ಚಿಕೊಳ್ಳಲಿ. ಪಾಸ್‌ವರ್ಡ್ ಮಾತ್ರ ನಂಬಿಕೆಯ ಮೇಲೆ ಕೈಗೆ ಬಂದದ್ದು. ಅದನ್ನು ಒತ್ತೆಯಿಟ್ಟುಕೊಂಡರೆ ಮುಂದೆ ಯಾವ ಕೇಂದ್ರ ಯಾವ ಎಂಜಿನಿಯರನಿಗೆ ಬಾಗಿಲು ತೆರೆದೀತು?

ಇಲ್ಲಿಯವರೆಗೆ ಪ್ರಶ್ನೆ ಇಬ್ಬರ ನಡುವಿನದು. ಕಷ್ಟವಾಗುವುದು ಮೂರನೆಯವನು ಬಂದಾಗ, ಅಂದರೆ ಕೇಳುಗ. ಸುಂಟರಗಾಳಿಯ ಎಚ್ಚರಿಕೆಗೆ ಆ ಕೇಂದ್ರವನ್ನೇ ನಂಬಿದ ಒಬ್ಬ ರೈತ ಇರಬಹುದು. ಅವನ ಮೇಲೆ ಎಂಜಿನಿಯರನಿಗೆ ಯಾವ ಬಾಕಿಯೂ ಇಲ್ಲ. ಮಾಲೀಕ ಇದನ್ನು ಚೆನ್ನಾಗಿ ಬಲ್ಲ. 'ನನಗಾಗಿ ಬೇಡ, ಊರಿಗಾಗಿ ಬನ್ನಿ' ಎನ್ನುತ್ತಾನೆ. ಆ ಮಾತಿನಲ್ಲಿ ನಡೆಯುವ ವ್ಯವಹಾರವನ್ನು ಗಮನಿಸಿ: ಎಂಜಿನಿಯರನ ಮನಸ್ಸಾಕ್ಷಿಯನ್ನು ಅವನನ್ನು ಕೇಳದೆಯೇ ಅಡವಿಟ್ಟು ಮಾಲೀಕ ಸಾಲ ಎತ್ತುತ್ತಿದ್ದಾನೆ. ಕೆಲಸಗಾರ ಎಷ್ಟು ಒಳ್ಳೆಯವನೋ ಸಾಲ ಅಷ್ಟು ದೊಡ್ಡದು. ಬೇಜವಾಬ್ದಾರನಿಗೆ ಈ ಮೋಸ ಮಾಡಲಾಗುವುದಿಲ್ಲ, ಅವನು ಫೋನೇ ಎತ್ತುವುದಿಲ್ಲ.

ಕೂಲಿ ಕೊಡದೆ ಇರುವುದರ ನಿಜವಾದ ಕೆಡುಕು ಇದೇ ಎಂದು ನನ್ನ ಅನಿಸಿಕೆ. 1934ರ ಸಂಪರ್ಕ ಕಾಯ್ದೆಯ ಪ್ರಕಾರ ಸಾರ್ವಜನಿಕ ಹಿತಕ್ಕೆ ಒದಗುವುದಾದರೆ ಮಾತ್ರ ಪ್ರಸಾರದ ಪರವಾನಗಿ. ಆ ಷರತ್ತಿಗೆ ಒಪ್ಪಿ ಪರವಾನಗಿ ಪಡೆದವನು ಮಾಲೀಕ. ಆ ರೈತ ನ್ಯಾಯ ಕೇಳಬೇಕಾದದ್ದು ಅವನನ್ನು. ಆ ಹೊಣೆಯನ್ನು ಎಂಜಿನಿಯರನ ಹೆಗಲಿಗೆ ಜಾರಿಸಿದರೆ ಅದು ಸೇವೆಯ ವೇಷ ತೊಟ್ಟ ಬಿಟ್ಟಿ ಚಾಕರಿ. ಆದ್ದರಿಂದ 'ನಾನು ಬರುವುದಿಲ್ಲ' ಎನ್ನುವ ಹಕ್ಕು ಅವನಿಗಿದೆ, ಕೇಂದ್ರ ಮೌನವಾದರೂ.

ಆದರೆ ಟವರಿನ ತುದಿಯ ದೀಪದ ವಿಚಾರ ಬೇರೆ. ಸಾಮಾನ್ಯವಾಗಿ 200 ಅಡಿ ಮೀರಿದ ಟವರುಗಳಿಗೆ ಅಲ್ಲಿ ಎಚ್ಚರಿಕೆಯ ದೀಪ ಬೇಕು. ತುದಿಯ ದೀಪವಾಗಲಿ, ಮಿನುಗುವ ದೀಪವಾಗಲಿ ಆರಿ 30 ನಿಮಿಷದಲ್ಲಿ ಸರಿಹೋಗದಿದ್ದರೆ ಟವರಿನ ಒಡೆಯ ವಿಮಾನಯಾನ ಇಲಾಖೆಗೆ ತಿಳಿಸಬೇಕು, ಅಲ್ಲಿಂದ ಪೈಲಟುಗಳಿಗೆ ಸೂಚನೆ ಹೋಗುತ್ತದೆ. ಇದೂ ಮಾಲೀಕನದೇ ಕರ್ತವ್ಯ. ಆದರೆ ಪ್ರಸಾರ ನಿಂತರೆ ಕೇಳುಗನಿಗೆ ನಿಂತದ್ದು ಗೊತ್ತಾಗುತ್ತದೆ, ಬೇರೆ ಕೇಂದ್ರ ಹುಡುಕುತ್ತಾನೆ. ಕತ್ತಲಲ್ಲಿ ಬರುವ ಪೈಲಟ್ ಇಲ್ಲದ ದೀಪವನ್ನು ಹೇಗೆ ಕಂಡಾನು? ಬಾಕಿ ಎಷ್ಟೇ ಇರಲಿ, ದೀಪ ಆರಿದ್ದನ್ನು ಕಂಡವನು ಆ ಒಂದು ಫೋನ್ ಕರೆ ಮಾಡಲೇಬೇಕು. ಬೀಗವಿಲ್ಲದ ಗೇಟನ್ನು ತಂತಿ ಸುತ್ತಿಯಾದರೂ ಬಿಗಿದು ಬರಬೇಕು. ಬಲ್ಬು ಬದಲಿಸುವುದು ಅವನ ಕೆಲಸವಲ್ಲ.

ನಮ್ಮಲ್ಲಿ ಇಂಥ ಮಾತು ಬಂದಾಗ ಯಾರಾದರೂ ಕಾಯಕದ ಹೆಸರು ತೆಗೆಯುತ್ತಾರೆ, ಫಲದ ಆಸೆ ಬಿಟ್ಟು ಮಾಡು ಎನ್ನುವ ಧಾಟಿಯಲ್ಲಿ. ಹಾಗೆನ್ನುವವರು ಹೆಚ್ಚಾಗಿ ಹಣ ಕೊಡಬೇಕಾದ ಕಡೆಯವರು ಎಂಬುದು ಕಾಕತಾಳೀಯವಿರಲಾರದು. ಶರಣರ ಕಥೆಗಳಲ್ಲಿ ಕೂಲಿಯ ಲೆಕ್ಕ ಬಿಗಿಯಾಗಿದೆ. ನುಲಿಯ ಚಂದಯ್ಯನ ಹಗ್ಗವನ್ನು ಲಿಂಗವೇ ಮಾರಲು ಹೋಗಿ ಹೆಚ್ಚು ಹಣ ತಂದಾಗ ಚಂದಯ್ಯ ಒಪ್ಪಲಿಲ್ಲ. ಹಗ್ಗಕ್ಕೆ ಒಂದು ನ್ಯಾಯವಾದ ಬೆಲೆಯಿದೆ, ಅದಕ್ಕಿಂತ ಹೆಚ್ಚು ಬೇಡ. ಬೆಲೆಯೇ ಬೇಡ ಎಂದು ಅವನು ಹೇಳಲಿಲ್ಲ.

ಈ ಕಥೆ ಎಂಜಿನಿಯರನಿಗೂ ಒಂದು ಕಡೆ ತಾಗುತ್ತದೆ. ಅಮೆರಿಕದಲ್ಲಿ ಸತತ 12 ತಿಂಗಳು ಪ್ರಸಾರ ನಿಂತರೆ ಪರವಾನಗಿ ತಾನಾಗಿಯೇ ರದ್ದಾಗುತ್ತದೆ. ಗಡುವಿಗೆ ಒಂದು ವಾರವಿದ್ದಾಗ, ಹನ್ನೊಂದು ತಿಂಗಳು ಸುಮ್ಮನಿದ್ದ ಮಾಲೀಕನ ಫೋನ್ ಬರುತ್ತದೆ. ಈಗ ಹಗ್ಗದ ತುದಿ ಎಂಜಿನಿಯರನ ಕೈಯಲ್ಲಿ. ಹಳೆಯ ಬಾಕಿಯನ್ನೆಲ್ಲ ಮೊದಲು ಕೊಡಿ ಎನ್ನುವುದು ನ್ಯಾಯ. ಇವತ್ತಿನ ಕೆಲಸಕ್ಕೆ ನಾಲ್ಕು ಪಟ್ಟು ಕೇಳಿದರೆ ಚಂದಯ್ಯ ಸುಮ್ಮನಿರುತ್ತಿರಲಿಲ್ಲ.

ಮಾಲೀಕ ಬಾಕಿ ಕೊಡುವ ಬದಲು ನೂರು ಮೈಲಿ ಆಚೆಯ ಇನ್ನೊಬ್ಬ ಎಂಜಿನಿಯರನಿಗೆ ಫೋನ್ ಮಾಡುವುದೂ ಉಂಟು. ಆ ಎರಡನೆಯವನು ಹೊರಡುವ ಮುನ್ನ ಮೊದಲನೆಯವನನ್ನು ವಿಚಾರಿಸಿದರೆ ಅದನ್ನು ಕೂಟ ಕಟ್ಟುವುದು ಎನ್ನಲಾಗದು. ಬಾವಿಗೆ ಇಳಿಯುವ ಮುನ್ನ ಹಗ್ಗ ಎಳೆದು ನೋಡುವಂತೆ ಅದು. ಮೊದಲನೆಯವನು ಹೋಗಬೇಡ ಎನ್ನಬೇಕಾಗಿಲ್ಲ. 'ನನಗೆ ಮೂರು ಬಿಲ್ಲು ಬರಬೇಕು. ನೀನು ಮುಂಗಡ ತೆಗೆದುಕೊಂಡೇ ಗಾಡಿ ಹತ್ತು. ಆಮೇಲೆ, ಕೊಠಡಿಯ ಬಾಗಿಲು ತೆರೆಯುವಾಗ ಕೆಳಗೆ ನೋಡು, ಹಾವಿದೆ' ಎಂದರೆ ಸಾಕು.